ದೊಡ್ಡಮ್ಮ ಮೆಟ್ಟಿ ನೋಡಿದ ಚಪ್ಪಲಿ

ನಮ್ಮ ದೊಡ್ಡಮ್ಮನಿಗೆ ಅನುಮಾನ ಹುಟ್ಟುಗುಣ. ಹಾಲು ನೀರಾಗಿದ್ದರೆ ಹಾಲಿನವನ ಮೇಲೆ ಗುಮಾನಿ; ಗಟ್ಟಿಯಾಗಿದ್ದರೆ ಏನು ಬೆರೆಸಿದನೋ ಎಂದು ಮತ್ತೆ ಅವನ ಮೇಲೆಯೇ. ಇಂಥವಳನ್ನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಮೇಲ್ವಿಚಾರಕಿ ಮಾಡಿದ ಪುಣ್ಯಾತ್ಮ ಯಾರೋ!

ಅಲ್ಲಿ ನೆಲ ಸದಾ ಒದ್ದೆ. ಜಾರಬಾರದೆಂದು ಎಲ್ಲರಿಗೂ ದಪ್ಪ ಅಟ್ಟೆಯ ಗಡುಸು ಬೂಟು ಕಡ್ಡಾಯ. ಇಸ್ತ್ರಿ ಮಾಡುವಾಕೆ ಆ ಬೂಟಿನಲ್ಲಿ ಕುಂಟುತ್ತಿದ್ದಳು. ಮಂಡಿ ಸವೆದಿದೆ, ನಿಲ್ಲಲಾಗದು, ಕೂತು ಬಟ್ಟೆ ಮಡಚುವ ಕೆಲಸ ಕೊಡಿ ಎಂದು ಕೇಳಿಕೊಂಡಿದ್ದಳು. ಅದು ಸಿಗದಿದ್ದರೆ ಕೆಲಸ ಬಿಡುವುದೊಂದೇ ದಾರಿ. ದೊಡ್ಡಮ್ಮ ಒಪ್ಪಿದರೆ ಸಾಕಿತ್ತು. ಒಪ್ಪುವ ಮೊದಲು ಅವಳನ್ನು ಹಿಂಬಾಲಿಸಿದಳು.

ಗೇಟು ದಾಟಿದ್ದೇ ಇಸ್ತ್ರಿಯಾಕೆ ಬೂಟನ್ನು ಚೀಲಕ್ಕೆ ತುರುಕಿ, ತೆಳು ಚಪ್ಪಲಿ ಮೆಟ್ಟಿದಳು. ನೋಡನೋಡುತ್ತಿದ್ದಂತೆ ಕುಂಟು ಮುಕ್ಕಾಲು ಮಾಯ! ತರಕಾರಿ ಅಂಗಡಿಯ ಮರೆಯಲ್ಲಿದ್ದ ದೊಡ್ಡಮ್ಮ ಧುತ್ತೆಂದು ಎದುರು ನಿಂತಳು.

"ಏನಮ್ಮಾ ನಾಟಕ? ಒಳಗಡೆ ಕುಂಟು, ಹೊರಗಡೆ ನೆಟ್ಟಗೆ?"

"ನಾಟಕ ಅಲ್ಲ ಮೇಡಂ. ಆ ಬೂಟು ಹಾಕಿದ್ರೆ ಮಂಡಿ ಜೀವ ಹಿಂಡುತ್ತೆ. ಇದು ಪಾದ ಬಗ್ಗಿದ ಹಾಗೆ ಬಗ್ಗುತ್ತೆ. ನೀವೇ ಒಂದ್ಸಲ ಹಾಕ್ಕೊಂಡು ನೋಡಿ."

"ನಾನ್ಯಾಕೆ ಹಾಕ್ಕೊಳ್ಳಲಿ?"

"ನಿಮ್ಗೂ ಮಂಡಿ ನೋವಿದೆಯಲ್ಲ. ಮೇಜು ಹಿಡ್ಕೊಂಡೇ ಓಡಾಡ್ತೀರಿ."

ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. ಮನೆಯವರಿಂದಲೂ ಬಚ್ಚಿಟ್ಟ ನೋವು ಅದು. ಇಸ್ತ್ರಿಯಾಕೆಯ ಮಾತು ಸುಳ್ಳೆಂದು ತೋರಿಸಲಿಕ್ಕೇ ಆ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಹಾಕಿದಳು. ನೋವು ಪೂರ್ತಿ ಹೋಗಲಿಲ್ಲ, ಆದರೆ ಗೋಡೆ ಹಿಡಿಯಬೇಕೆನಿಸಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಪ್ಪಿಬಿಡುತ್ತಿದ್ದರು. ದೊಡ್ಡಮ್ಮನಿಗೆ ಮನೆ ಸೇರುವಷ್ಟರಲ್ಲಿ ಹೊಸ ಅನುಮಾನ: ಇವಳಿಗೆ ನನ್ನ ಗುಟ್ಟು ಗೊತ್ತಾಗಿದೆ, ಸಾಹೇಬರ ಕಿವಿಗೆ ಊದಿದರೆ ನನ್ನ ಕೆಲಸಕ್ಕೇ ಸಂಚಕಾರ. ಮಾರನೇ ದಿನ ತಾನೇ ಮುಂದಾಗಿ, "ಅವಳದ್ದೆಲ್ಲ ಸೋಗು ಸಾರ್, ಹೊರಗಡೆ ಚೆನ್ನಾಗೇ ನಡೀತಾಳೆ" ಎಂದು ಹೇಳಿಬಿಟ್ಟಳು. ವಾರ ಕಳೆಯುವುದರೊಳಗೆ ಇಸ್ತ್ರಿಯಾಕೆ ಕೆಲಸ ಬಿಟ್ಟಳು.

ದೊಡ್ಡಮ್ಮ ನಿವೃತ್ತಿಯವರೆಗೂ ಅಲ್ಲೇ ಇದ್ದಳು. ಯಾರು ಪಿಸುಗುಟ್ಟಿದರೂ ಅವಳ ಕಿವಿ ನೆಟ್ಟಗಾಗುತ್ತಿತ್ತಂತೆ. ಅವಳ ಮಂಡಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಮೊನ್ನೆ ಇದನ್ನೆಲ್ಲ ಅವಳೇ ನನಗೆ ಹೇಳಿದಾಗ ಸಿಟ್ಟು ನೆತ್ತಿಗೇರಿತು.

"ಕೊನೆಗೂ ಅವಳು ಮಂಡಿ ವಿಷ್ಯ ಯಾರ ಹತ್ರನಾದ್ರೂ ಬಾಯಿ ಬಿಟ್ಲಾ?" ಎಂದೆ.

"ಇಲ್ಲ ಕಣೇ," ಎಂದಳು ದೊಡ್ಡಮ್ಮ, ನನ್ನ ಮುಖ ನೋಡದೆ. "ಹೋಗೋ ದಿನ ನನ್ ಹತ್ರ ಬಂದ್ಲು. ಆ ಚಪ್ಪಲಿ ಯಾವ ಅಂಗಡೀಲಿ ಸಿಗುತ್ತೆ ಅಂತ ಹೇಳಿ ಹೋದ್ಲು."