ಗಂಗಮ್ಮನಿಗೆ ಬೆನ್ನು ಕೊಡದವರು

ದೊಡ್ಡಬಳ್ಳಾಪುರದ ಕಡೆ ಜಲಪಾತವೇ ಎಂದು ನಗುವವರು ನಗಲಿ. ಮಾಕಳಿದುರ್ಗದ ಬೆಟ್ಟದಲ್ಲಿ ವರ್ಷವೆಲ್ಲ ಒಣಗಿ ಕಾಯುವ ಒಂದು ಬಂಡೆ, ಜಡಿಮಳೆ ಬಿಟ್ಟ ಮಾರನೆಯ ದಿನ ಮೇಲಿಂದ ಕೆಳಗಿನವರೆಗೂ ನೀರೇ ಆಗಿಬಿಡುತ್ತಿತ್ತು.

ಅದು ಎರಡನೆಯ ಮಹಾಯುದ್ಧದ ಕಾಲ, ನಾನಿನ್ನೂ ಲಂಗದ ಹುಡುಗಿ. ಫೋಟೋ ಹುಚ್ಚಿನ ಸೋದರಮಾವ ಮರದ ಕ್ಯಾಮೆರಾ ಹೊತ್ತು ಮನೆಯವರನ್ನೆಲ್ಲ ಬೆಟ್ಟದ ಕಾಲುದಾರಿ ಹತ್ತಿಸಿದರು. ಪಟ ಮೂಡುವ ಗಾಜಿನ ಪ್ಲೇಟು ಆಗ ಸಿಗುವುದೇ ಕಷ್ಟವಾಗಿತ್ತು. ಅವರಲ್ಲಿ ಉಳಿದಿದ್ದದ್ದು ಒಂದೇ. ನೀರಿನ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು.

"ಎಲ್ರೂ ಇಲ್ಲಿ ನೋಡಿ. ನಾನು ಹೇಳೋವರ್ಗೂ ಯಾರೂ ಅಲ್ಲಾಡ್ಬೇಡಿ, ಅಲ್ಲಾಡಿದ್ರೆ ಪಟ ಕದಡೋಗುತ್ತೆ."

ದೊಡ್ಡಮ್ಮ ಮಾತ್ರ ನೀರಿನ ಕಡೆಗೇ ಮುಖ ಮಾಡಿ ನಿಂತಿದ್ದರು.

"ಅಕ್ಕಾ, ಈ ಕಡೆ ತಿರುಗಕ್ಕಾ!"

"ಗಂಗಮ್ಮ ಬಂದವ್ಳೆ. ಅವ್ಳಿಗೆ ಬೆನ್ನು ಕೊಟ್ಟು ನಿನ್ನ ಡಬ್ಬ ನೋಡ್ಲೇನೋ?" ಎಂದರು, ಮುಗಿದ ಕೈ ಬಿಡದೆ.

ಮಾವ ಗೊಣಗುತ್ತಲೇ ಕ್ಯಾಮೆರಾದ ಮುಚ್ಚಳ ತೆಗೆದರು. ನನ್ನ ಬೆನ್ನಿಗೆ ತಣ್ಣನೆಯ ಹನಿಗಳು ಬಡಿಯುತ್ತಿದ್ದವು, ಕಾಲಡಿಯ ಕಲ್ಲು ನಡುಗುತ್ತಿತ್ತು. ತಡೆಯಲಾಗಲಿಲ್ಲ, ಮಾವ ಮುಚ್ಚಳ ಹಾಕುವ ಮೊದಲೇ ತಿರುಗಿಬಿಟ್ಟೆ. ಬೆಟ್ಟವೇ ಕರಗಿ ಇಳಿಯುತ್ತಿತ್ತು.

ಪಟ ಬಂದಾಗ ಸಾಲಿನಲ್ಲಿದ್ದ ಉಳಿದವರ ಮುಖಗಳೆಲ್ಲ ಕೆತ್ತಿದಷ್ಟು ಸ್ಪಷ್ಟ. ನೀರು ಮಾತ್ರ ಹೊಗೆಯಂತೆ ಬೆಳ್ಳಗೆ ಕದಡಿತ್ತು. ನನ್ನ ಮುಖವೂ ಹಾಗೆಯೇ. "ಇದ್ದ ಒಂದು ಪ್ಲೇಟೂ ಹಾಳ್ಮಾಡ್ಬಿಟ್ಟೆಯಲ್ಲೇ" ಎಂದು ಮಾವ ಬದುಕಿರುವವರೆಗೂ ಬೈದರು. ಬೈಯಲಿ. ಆ ಪಟದಲ್ಲಿ ಎಲ್ಲರೂ ಡಬ್ಬ ನೋಡುತ್ತಿದ್ದಾರೆ. ನೀರನ್ನು ನೋಡುತ್ತಿರುವವರು ಇಬ್ಬರೇ: ಬೆನ್ನಷ್ಟೇ ಕಾಣುವ ದೊಡ್ಡಮ್ಮ, ಮುಖವೇ ಇಲ್ಲದ ನಾನು.