ಕ್ಯಾಪ್ಟನ್ ಕೋಟಿನ ತಾತ

ನಮ್ಮಕ್ಕನಿಗೆ ತಾತ ಎಂದರೆ ಕ್ಯಾಪ್ಟನ್. ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದ ಮೊದಲ ಉಗಿಹಡಗನ್ನು ನಡೆಸಿದವರು ಅವರೇ ಎನ್ನುವುದಕ್ಕೆ ಅವಳ ಸಾಕ್ಷಿ ಒಂದೇ: ಕೋಟು, ಟೋಪಿ ತೊಟ್ಟ ಫೋಟೊ. ಬಂದರುಕಟ್ಟೆಯ ಸಭಾಂಗಣದಲ್ಲಿ ಹಳೆಯ ಸಿಬ್ಬಂದಿಯ ಚಿತ್ರಗಳನ್ನು ತೂಗುಹಾಕುತ್ತಾರೆಂದು ಕೇಳಿದ್ದೇ ತಡ, ಆ ಫೋಟೊ ಹಿಡಿದು ಬಂದು, ನನ್ನ ಜವಳಿ ಅಂಗಡಿಗೆ ಬಾಗಿಲು ಹಾಕಿಸಿ ನನ್ನನ್ನೂ ಎಳೆದುಕೊಂಡು ಹೋದಳು.

ಅಲ್ಲಿ ಮೇಜಿನ ಮೇಲೆ, ಫೋಟೊಗಳೊಳಗೆ, ಬೇರೆ ಮನೆಗಳ ಐದಾರು ಕ್ಯಾಪ್ಟನ್‌ಗಳು ಆಗಲೇ ಬಂದು ಕೂತಿದ್ದರು. ಜವಳಿ ವ್ಯಾಪಾರಿಯ ಕಣ್ಣು ಸುಮ್ಮನಿರುತ್ತದೆಯೇ? ಎಲ್ಲರ ಮೈಮೇಲೂ ನಮ್ಮ ತಾತನದೇ ಕೋಟು. ಎಲ್ಲದರಲ್ಲೂ ಎರಡನೇ ಗುಂಡಿ ನಾಪತ್ತೆ.

"ಅದು ಫೋಟೊ ಸ್ಟುಡಿಯೋದವನ ಕೋಟಮ್ಮಾ," ಎಂದು ಕಟ್ಟೆಯ ಹಳೆಯ ಮೇಸ್ತ್ರಿ ನಕ್ಕರು. "ನಿಮ್ಮ ತಾತ ನಮ್ಮಪ್ಪನ ಜೊತೆ ಬಾಯ್ಲರ್‌ಗೆ ಕಲ್ಲಿದ್ದಲು ಹಾಕ್ತಿದ್ರು."

ಅಕ್ಕನ ಮುಖ ಹುಳ್ಳಗಾಯಿತು.

"ವಾಪಸ್ ತಗೊಂಡು ಹೋಗೋಣ್ವಾ, ಕ್ಯಾಪ್ಟನ್ ಮೊಮ್ಮಗಳೇ?" ಎಂದು ಕೆಣಕಿದೆ.

ಅವಳು ಫೋಟೊಗಳನ್ನೆಲ್ಲ ಇನ್ನೊಮ್ಮೆ ನೋಡಿದಳು. "ಸುಮ್ನಿರೋ. ಮಿಕ್ಕೋರಿಗೆಲ್ಲ ಕೋಟು ಜೋತಾಡ್ತಿದೆ, ತಾತಂಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಕಲ್ಲಿದ್ದಲು ಎತ್ತಿದ ಭುಜ ಅಲ್ವಾ!" ಎಂದವಳೇ ಫೋಟೊದ ಕೆಳಗೆ 'ಬಾಯ್ಲರ್ ಕೆಲಸದವರು' ಎಂದು ದಪ್ಪಕ್ಷರದಲ್ಲಿ ಬರೆಸಿದಳು.

ಈಗ ಅವಳ ಪ್ರಕಾರ ಹಡಗು ನಡೆಸಿದ್ದು ತಾತನ ಬೆಂಕಿ. ಕ್ಯಾಪ್ಟನ್ ಬರೀ ಮೇಲ್ಗಡೆ ನಿಂತು ಗಾಳಿ ಕುಡಿಯುತ್ತಿದ್ದನಂತೆ.