ಗರಸಿನ ಗುಂಡಿಯಲ್ಲಿ ಅಪ್ಪ ಕಂಡ ಬಿಳಿ ಗೆರೆ

ನಮ್ಮಪ್ಪ ಕಂಪ್ಲಿಯಲ್ಲಿ ಪುರಾಣ ಹೇಳುತ್ತಿದ್ದರು. ಹೊಟ್ಟೆಪಾಡಿಗೆ ಶಾಲೆ ಮಾಸ್ತರಿಕೆ, ಮನಸ್ಸಿಗೆ ಪುರಾಣ. ಶ್ರಾವಣದ ಸಂಜೆ ಓಣಿಯ ಗುಡಿಕಟ್ಟೆಯ ಮೇಲೆ ಅವರು ಕಥೆ ತೆಗೆದರೆ, ಗದ್ದೆಯಿಂದ ಬಂದ ಹೆಂಗಸರು ಕಾಲಿನ ಕೆಸರು ಒಣಗಿ ಉದುರಿದರೂ ಏಳುತ್ತಿರಲಿಲ್ಲ. ಎಲ್ಲರೂ ಕಾಯುತ್ತಿದ್ದುದು ಹಂಪಿಯ ಬಂಡೆಗಳ ಕಥೆಗೆ. ಕಡಲಿಗೆ ಸೇತುವೆ ಕಟ್ಟಲೆಂದು ವಾನರರು ಗುಡ್ಡ ಕಿತ್ತು ಹೊತ್ತೊಯ್ಯುತ್ತಿದ್ದಾಗ, ಸೇತುವೆ ಮುಗಿಯಿತೆಂಬ ಸುದ್ದಿ ಬಂತಂತೆ; ಹೊತ್ತವರು ನಿಂತಲ್ಲೇ ಇಳಿಸಿಬಿಟ್ಟರಂತೆ. ಅಪ್ಪ ಎರಡೂ ಕೈಯಿಂದ ಮಣೆ ಬಡಿದು ಗುಡುಗುಡು ಎನಿಸಿದರೆ ಬಂಡೆಗಳು ನಮ್ಮ ಬೆನ್ನ ಹಿಂದೆಯೇ ಉರುಳಿದಂತಾಗುತ್ತಿತ್ತು. ಅಪ್ಪನಿಗೆ ಅದು ಕಥೆಯಲ್ಲ, ನಡೆದದ್ದು.

ನಾನು ಹೊಸಪೇಟೆಯ ಕಾಲೇಜಿನಲ್ಲಿ ಭೂವಿಜ್ಞಾನಕ್ಕೆ ಸೇರಿದೆ. ಓದು ಮುಗಿದರೆ ಸಂಡೂರಿನ ಗಣಿಯಲ್ಲಿ ಕೆಲಸ ಸಿಗುತ್ತದೆಂದು ಅಪ್ಪನೇ ಸೇರಿಸಿದ್ದು. ಅಲ್ಲಿ ಪಾಠ ಹೇಳುತ್ತಿದ್ದ ಮೇಡಂ ಚೋರನೂರಿನ ಒಣಬೇಸಾಯದ ಮನೆಯವರು, ಮೆಲುದನಿಯವರು. ಹಂಪಿಯ ಬಂಡೆಗಳು ಎಲ್ಲಿಂದಲೋ ಬಂದವಲ್ಲ, ಇದ್ದಲ್ಲೇ ದುಂಡಗಾದವು ಎಂದು ಅವರು ಒಂದು ದಿನ ಹೇಳಿದರು. ಅಂದು ಊಟಕ್ಕೆ ಕೂತಾಗ ಅದನ್ನು ಅಪ್ಪನಿಗೆ ಹೇಳಿದೆ. ಅಪ್ಪ ತುತ್ತು ಕೆಳಗಿಟ್ಟರು.

"ಯಾರವ್ವ ಹಂಗ ಅಂದೋರು?"

"ನಮ್ಮ ಮೇಡಂ."

"ಅವರು ಕಣ್ಣಾರೆ ನೋಡ್ಯಾರೇನು?"

"ನೀವು ನೋಡೀರೇನಪ್ಪಾ?"

ಅವ್ವ ನನ್ನನ್ನು ಕೆಕ್ಕರಿಸಿ ನೋಡಿದಳು. ಅಪ್ಪ ಬೈಯಲಿಲ್ಲ. ಕೈ ತೊಳೆದು ಬಂದ ಮೇಲೆ, "ನಾ ಬಂದ್ರ ತೋರಸ್ತಾರೇನು ಕೇಳು," ಎಂದರು.

ಮೇಡಂ ಸಂತೋಷದಿಂದ ಒಪ್ಪಿದರು. ಒಂದು ಭಾನುವಾರ ಹಂಪಿ ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಮೂವರೂ ಕೂತು ಮಂಡಕ್ಕಿ ಮಿರ್ಚಿ ತಿಂದೆವು. ಅಪ್ಪ ಎದುರಿನ ಗುಡ್ಡ ತೋರಿಸಿ, "ಇದನ್ನ ಯಾರೂ ಒಟ್ಟಿಲ್ಲ ಅಂತೀರಿ?" ಎಂದರು.

"ಇಲ್ಲಿ ಮಣ್ಣೆಲ್ಲ ತೊಳದು ಹೋಗೈತ್ರಿ, ಮಾಸ್ತರ್ರೆ. ಮಣ್ಣಾಗ ಇನ್ನೂ ಹುಗದು ಕುಂತಿದ್ದನ್ನ ತೋರಸ್ತೀನಿ, ಬರ್ರಿ."

ಬುಕ್ಕಸಾಗರದ ಕಡೆ, ರಸ್ತೆಗೆ ಹಾಸಲು ಗರಸು ಎಂಬ ಕಲ್ಲುಪುಡಿಯ ಮಣ್ಣು ತೆಗೆದ ಒಂದು ಗುಂಡಿಗೆ ಕರೆದೊಯ್ದರು. ಗುಂಡಿಯ ಗೋಡೆಯಲ್ಲಿ, ಅರ್ಧ ಹುಟ್ಟಿದ ಕರುವಿನಂತೆ, ಒಂದು ದುಂಡು ಬಂಡೆ ಹೊರಗೆ ಇಣುಕಿತ್ತು. ಗರಸಿನಲ್ಲಿ ಒಂದು ಬಿಳಿ ಗೆರೆ ಓಡುತ್ತ ಬಂದು ಬಂಡೆಯನ್ನು ಹೊಕ್ಕು, ಆಚೆ ಬದಿಯಿಂದ ಹೊರಬಿದ್ದು, ಮತ್ತೆ ಗರಸಿನಲ್ಲಿ ಮುಂದುವರಿದಿತ್ತು.

"ಇದೆಲ್ಲಾ ಮೊದಲು ಒಂದ ಕಲ್ಲು," ಎಂದರು ಮೇಡಂ. "ನೆಲದ ಆಳದಾಗ ಆರಿ ಗಟ್ಟಿಯಾತು, ಬಿರುಕು ಬಿಡ್ತು. ಬಿರುಕಿನಾಗ ನೀರಿಳದು ಅಂಚು, ಮೂಲಿ ಎಲ್ಲಾ ಕೊಳತು ಗರಸಾತು. ನಡುವಿನ ಗಟ್ಟಿ ಉಳೀತು."

ಅಪ್ಪ ಗರಸು ಹಿಡಿದು ಹಿಚುಕಿದರು, ಪುಡಿಯಾಯಿತು. ಬಿಳಿ ಗೆರೆಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆದರು. ಮತ್ತೊಮ್ಮೆ ಎಳೆದರು. ಆಮೇಲೆ ತಾವೇ ಹೇಳಿದರು: "ಹೊತ್ತು ತಂದು ಇಟ್ಟಿದ್ರ ಈ ಗೆರಿ ತಪ್ಪತಿತ್ತು."

ಕಲ್ಲಿನ ವಯಸ್ಸು ಕೇಳಿದರು. ಇನ್ನೂರೈವತ್ತು ಕೋಟಿ ವರ್ಷದ ಸುಮಾರು ಎಂದರು ಮೇಡಂ. ಅಪ್ಪನ ಮುಖ ಅರಳಿತು. "ನಮ್ಮ ಬ್ರಹ್ಮನ ಒಂದು ಹಗಲು ನಾನೂರ ಮೂವತ್ತೆರಡು ಕೋಟಿ ವರ್ಷ! ನೋಡಿದ್ರ್ಯಾ, ಹಿರೇರಿಗೆ ಮೊದಲ ಗೊತ್ತಿತ್ತು!"

ಮರ್ಯಾದೆಗಾದರೂ ಮೇಡಂ ಹೂಂ ಎನ್ನುತ್ತಾರೆ ಎಂದುಕೊಂಡೆ. ಅವರು ಅನ್ನಲಿಲ್ಲ. "ಅಷ್ಟು ದೊಡ್ಡ ಕಾಲ ನೆನಸೋ ಎದಿ ಅವರಿಗಿತ್ತಲ್ಲ, ಅದು ಭಾಳ ದೊಡ್ಡ ಮಾತ್ರಿ. ಆದ್ರ ಎರಡೂ ಒಂದ ಅನಬ್ಯಾಡ್ರಿ. ನಾಳೆ ನನ್ನ ಲೆಕ್ಕ ತಪ್ಪು ಅಂತ ಕಲ್ಲು ತೋರಿಸಿದ್ರ ನಾ ತಿದ್ದಬೇಕು. ಆವಾಗ ನೀವು ಬ್ರಹ್ಮನ ಹಗಲನ್ನೂ ತಿದ್ದತೀರೇನು?"

ಅಪ್ಪ ಕೈಗೆ ಹತ್ತಿದ ಗರಸು ಕೊಡವಿಕೊಂಡರು. ಕಂಪ್ಲಿ ಬಸ್ಸಿನಲ್ಲಿ ಕಿಟಕಿಯಾಚೆಯ ಬಂಡೆಗಳನ್ನೇ ನೋಡುತ್ತ ಬಂದರು.

ಆ ಶ್ರಾವಣದಲ್ಲಿ ಅಪ್ಪ ಮೇಡಂ ಅವರನ್ನು ಕರೆಸಿದರು. ಬಂಡೆಗಳ ಕಥೆಯನ್ನು ಒಂದು ಗುಡುಗನ್ನೂ ಬಿಡದೆ ಹೇಳಿದರು. ಮುಗಿಸಿ, "ಇದು ನಮ್ಮ ಹಿರೇರು ಹೇಳಿದ್ದು. ಕಲ್ಲು ತಾನ ಏನು ಹೇಳತೈತಿ ಅನ್ನೋದನ್ನ ಈ ತಾಯಿ ಹೇಳತಾರ, ಕೇಳ್ರಿ," ಎಂದರು. ಮೇಡಂ ಬಿಳಿ ಗೆರೆಯ ವಿಷಯ ಹೇಳಿದರು, ವಯಸ್ಸನ್ನೂ ಹೇಳಿದರು. ಆಗ ಗುಡಿಯ ಹಿರಿಯರೊಬ್ಬರು ಎದ್ದರು.

"ಮಾಸ್ತರ್ರೆ, ಬ್ರಹ್ಮನ ಹಗಲಿನ ಲೆಕ್ಕ ನಮ್ಮೊಳಗ ಐತಲ್ಲ! ವಿಜ್ಞಾನ ಈಗ ಬಂದು ಅದನ್ನ ಒಪ್ಪೈತಿ ಅಂತ ಹೇಳ್ರಿ!"

ಜೋರಾಗಿ ಚಪ್ಪಾಳೆ ಬಿತ್ತು. ಅಪ್ಪ ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಎಲ್ಲರೂ ಖುಷಿಯಿಂದ ಮನೆಗೆ ಹೋಗುತ್ತಿದ್ದರು.

"ಒಪ್ಪಿಲ್ರಿ," ಎಂದರು ಅಪ್ಪ. "ಒಪ್ಪೈತಿ ಅಂದ್ರ ಸುಳ್ಳಾಗತೈತಿ. ಈ ಕಟ್ಟಿ ಮ್ಯಾಲೆ ಕುಂತು ನಾ ಸುಳ್ಳು ಹೇಳಲಾರೆ."

"ಹಂಗಾರ ಪುರಾಣ ಸುಳ್ಳೇನು?"

"ದಿನಾ ಕೈ ಮುಗದು ಪುರಾಣ ತೆಗಿಯಾಂವ ನಾನು. ಸುಳ್ಳು ಅಂದಿಲ್ಲ. ಕಲ್ಲಿನ ವಯಸ್ಸು ಕೇಳಾಕ ಅದನ್ನ ತೆಗೀಬ್ಯಾಡ್ರಿ ಅಂದೆ."

ಚಪ್ಪಾಳೆ ನಿಂತಿತು. ಕೆಲವರು ಎದ್ದು ಹೋದರು. ಸಣ್ಣ ಊರಿನ ಮಾಸ್ತರನೊಬ್ಬ ತನ್ನವರ ಚಪ್ಪಾಳೆಯನ್ನು ಹೀಗೆ ವಾಪಸು ಕೊಟ್ಟಿದ್ದನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ. ಅಪ್ಪ ಅಷ್ಟು ಎತ್ತರದವರೆಂದು ನನಗೆ ಅಂದೇ ಗೊತ್ತಾದದ್ದು.

ಮರುವರ್ಷ ಗುಡಿಯವರು ಪುರಾಣಕ್ಕೆ ಬೇರೆಯವರನ್ನು ಕರೆದರು. ಮೊದಲ ಸಂಜೆ ಅಪ್ಪ ಅಭ್ಯಾಸಬಲದಿಂದ ಶಲ್ಯ ಹೊದ್ದು ಬಾಗಿಲಲ್ಲಿ ಕೂತಿದ್ದರು. ಅವ್ವ ಚಹಾ ತಂದಿಟ್ಟಳು. ಆ ತಿಂಗಳು ಮುಗಿಯುವ ಮೊದಲೇ ಬುಕ್ಕಸಾಗರದ ರೈತರು ಬಂದು, "ನಮ್ಮೂರಿಗೆ ಬರ್ರಿ, ಆ ಮೇಡಂನೂ ಕರಕೊಂಡು ಬರ್ರಿ," ಎಂದರು. ಅಂದಿನಿಂದ ಪ್ರತಿ ಶ್ರಾವಣ ಅಲ್ಲಿಯೇ. ಮೇಡಂ ಒಮ್ಮೊಮ್ಮೆ ಹೋಗುತ್ತಾರೆ. ಮಾಸ್ತರರ ಮಣೆಯ ಗುಡುಗು ಕೇಳಲಿಕ್ಕೆ ಹೋಗುತ್ತೇನೆ ಎನ್ನುತ್ತಾರೆ.

ನನಗೆ ಸಂಡೂರಿನ ಗಣಿಯಲ್ಲೇ ಕೆಲಸವಾಯಿತು. ಹೋದ ವರ್ಷ ಅಪ್ಪ ನೋಡಲು ಬಂದಿದ್ದರು. ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ತೋರಿಸಿದೆ. ಕೆಂಪು, ಬೂದು ಪದರಗಳು ಒಂದರ ಮೇಲೊಂದು. ಹಂಪಿಯ ಬಂಡೆಗಿಂತಲೂ ಹಳೆಯದು, ಕಡಲ ತಳದಲ್ಲಿ ಕೂತದ್ದು ಎಂದೆ.

"ಸಂಡೂರಿನಾಗ ಕಡಲೇನವ್ವ?" ಅಪ್ಪ ನಕ್ಕರು. ಆಮೇಲೆ, ಹೆಂಗ ಗೊತ್ತಾತು, ಯಾಕ ನಂಬಬೇಕು ಎಂದು ಒಂದೊಂದಾಗಿ ಕೇಳಿ, ನನ್ನ ಗಂಟಲು ಒಣಗುವವರೆಗೂ ಬಿಡಲಿಲ್ಲ. ಸಮಾಧಾನವಾದ ಮೇಲೆ ಚಪ್ಪಲಿ ಬಿಟ್ಟು ಆ ಕಲ್ಲಿಗೆ ಕೈ ಮುಗಿದರು. ಸುತ್ತಲಿದ್ದವರು ನೋಡುತ್ತಿದ್ದರು, ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ಭಾಳ ಹಸಿವಾಗೈತಿ, ನಡಿ, ಊಟ ಎಲ್ಲಿ?" ಎಂದರು.